ಕೀಬೋರ್ಡ್‌ನಲ್ಲಿ ತಮಟೆ ಯಾಕೆ ಎಣ್ಣೆ ಡಬ್ಬದ ಥರ ಕೇಳುತ್ತೆ?

ಇವತ್ತಿನ ಎಪಿಸೋಡ್ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸೋರಿಗೆ. ನುಡಿಸದೇ ಇರೋರೂ ಸ್ಕಿಪ್ ಮಾಡಬೇಡಿ, ಯಾಕಂದ್ರೆ ಪೆಂಡಾಲ್ ಮುಂದೆ ಕೂತು ಇದನ್ನೆಲ್ಲ ಕೇಳಿಸಿಕೊಳ್ಳೋರು ನೀವೇ.

ಹಿರಿಯೂರಿನ ತೇರುಮಲ್ಲೇಶ್ವರ ಜಾತ್ರೆ ಇರಲಿ, ಹೊಳಲ್ಕೆರೆ ಕಡೆ ಹಳ್ಳಿ ಗಣಪತಿ ಇರಲಿ, ಒಂದು ವಿಷಯ ಗಮನಿಸಿರ್ತೀರ. ಮೆಲೋಡಿ ಹಾಡು ನಡೀತಿರುವಾಗ ಎಲ್ಲ ಚೆನ್ನಾಗಿರುತ್ತೆ. ತಮಟೆ ಏಟಿನ ಹಾಡು ಶುರುವಾದ ತಕ್ಷಣ ಖಾಲಿ ಎಣ್ಣೆ ಡಬ್ಬ ಬಡಿದಂಗೆ ಸದ್ದು. ಅದೇ ಸಂಜೆ ದೇವರ ಮುಂದೆ ನಿಜವಾದ ತಮಟೆ ಕೇಳಿ ಬಂದಿರೋ ಕಿವಿ ಇದನ್ನ ಒಪ್ಪಲ್ಲ. ಕುಣಿಯಕ್ಕೆ ಎದ್ದೋರು ಹಂಗೇ ಕೂತ್ಕೊತಾರೆ.

ನುಡಿಸೋನ ಕೈ ಸರಿಯಾಗೇ ಇರುತ್ತೆ. ತೊಂದರೆ ಇರೋದು ಫ್ಯಾಕ್ಟರಿ ಕಿಟ್‌ನಲ್ಲಿ. 1991ರಲ್ಲಿ ಜನರಲ್ ಮಿಡಿ ಅಂತ ಒಂದು ಸ್ಟ್ಯಾಂಡರ್ಡ್ ಬಂತು. ಡ್ರಮ್ ಅಂದ್ರೆ 10ನೇ ಚಾನೆಲ್, 36ನೇ ನೋಟ್ ಕಿಕ್, 38 ಸ್ನೇರ್, 42 ಮುಚ್ಚಿದ ಹೈಹ್ಯಾಟ್, 46 ತೆರೆದ ಹೈಹ್ಯಾಟ್. ಬಾಂಗೋ, ಕಾಂಗೋ, ಟಿಂಬಾಲೆ ಎಲ್ಲಕ್ಕೂ ಜಾಗ ಇದೆ. ತಮಟೆ, ಉರುಮೆ, ಡೊಳ್ಳಿಗೆ ಇಲ್ಲ. ತಮಾಷೆ ಏನಂದ್ರೆ, 78 ಮತ್ತು 79ರಲ್ಲಿ ಬ್ರೆಜಿಲ್‌ನ ಕುಯಿಕಾ ಇದೆ. ಅದೂ ನಮ್ಮ ಉರುಮೆ ಥರ ಉಜ್ಜಿ ಸದ್ದು ಬರಿಸೋ ವಾದ್ಯ. ದೂರದ ನೆಂಟ ಒಳಗೆ ಸೇರ್ಕೊಂಡಿದಾನೆ, ಮನೆಯವನು ಆಚೆ ನಿಂತಿದಾನೆ.

ಹಾಗಾಗಿ ಕಿಟ್ ನಾವೇ ಮಾಡ್ಕೋಬೇಕು. ಕೋರ್ಗ್ ಟ್ರೈಟನ್ ಉದಾಹರಣೆ ತಗೊಳ್ಳಿ. 1999ರ ವರ್ಕ್‌ಸ್ಟೇಷನ್ ಅದು. ಅದರ ತರ್ಕ ಗೊತ್ತಾದ್ರೆ ಬೇರೆ ವರ್ಕ್‌ಸ್ಟೇಷನ್‌ಗಳ ಮೆನು ಹುಡುಕೋದು ಸುಲಭ. ಡ್ರಮ್ ಕಿಟ್‌ನಲ್ಲಿ ಒಂದೊಂದು ಕೀಗೂ ಬೇರೆ ಬೇರೆ ಸೆಟ್ಟಿಂಗ್ ಇರುತ್ತೆ: ಲೆವೆಲ್, ಟ್ಯೂನ್, ಡಿಕೇ, ಕಟಾಫ್, ಪ್ಯಾನ್, ರಿವರ್ಬ್‌ಗೆ ಎಷ್ಟು ಕಳಿಸಬೇಕು ಅನ್ನೋದು. ಟ್ರೈಟನ್‌ನಲ್ಲಿ ಇದು ಗ್ಲೋಬಲ್ ಮೋಡ್‌ನಲ್ಲಿದೆ, ಪ್ರೋಗ್ರಾಂ ಮೋಡ್‌ನಲ್ಲಿ ಹುಡುಕಿದ್ರೆ ಸಿಗಲ್ಲ. ಗ್ಲೋಬಲ್‌ಗೆ ಹೋಗೋ ಮುಂಚೆ ಒಂದು ಡ್ರಮ್ ಪ್ರೋಗ್ರಾಂ ಆರಿಸಿಕೊಂಡು ಹೋಗಿ, ಇಲ್ಲಾಂದ್ರೆ ಪಿಯಾನೋ ಸದ್ದಲ್ಲಿ ಡ್ರಮ್ ಎಡಿಟ್ ಮಾಡ್ತಾ ಕೂರ್ತೀರ. ಇನ್ನೊಂದು, ಒಂದು ಕಿಟ್ ಬದಲಾಯಿಸಿದ್ರೆ ಅದನ್ನ ಬಳಸೋ ಎಲ್ಲ ಪ್ರೋಗ್ರಾಂನಲ್ಲೂ ಬದಲಾಗುತ್ತೆ. ತಮಟೆ ಸರಿಮಾಡಕ್ಕೆ ಹೋಗಿ ಭಾವಗೀತೆಯ ರಿದಂ ಕೆಡಿಸಬೇಡಿ. ಮೊದಲು ಕಾಪಿ ಮಾಡಿ, ಕಾಪಿ ಮೇಲೆ ಕೆಲಸ ಮಾಡಿ.

ಈಗ ತಮಟೆ. ನುಡಿಸೋ ಮುಂಚೆ ಬೆಂಕಿ ಹತ್ತಿರ ಹಿಡಿದು ಕಾಯಿಸ್ತಾರಲ್ಲ, ಚರ್ಮ ಬಿಗಿಯಾಗಿ ಸದ್ದು ಮೇಲಕ್ಕೆ ಹೋಗುತ್ತೆ. ಆರ್ತಾ ಬಂದಂಗೆ ಇಳಿಯುತ್ತೆ. ರೆಕಾರ್ಡ್ ಮಾಡೋದಾದ್ರೆ ಕಾಯಿಸಿದ ತಕ್ಷಣ ಮಾಡಿ, ಬಯಲಲ್ಲಿ ಮಾಡಿ, ರಿವರ್ಬ್ ಹಾಕಬೇಡಿ. ನಡುವಿನ ಏಟು, ಅಂಚಿಗೆ ತೆಳು ಕಡ್ಡಿಯ ಏಟು, ಕೈಯಿಟ್ಟು ಮುಚ್ಚಿದ ಏಟು, ಇಷ್ಟು ಬೇರೆ ಬೇರೆ ಬೇಕು. ಪ್ರತಿಯೊಂದೂ ಮೆಲ್ಲಗೆ ಒಂದು, ಜೋರಾಗಿ ಒಂದು. ಟ್ರೈಟನ್‌ನಲ್ಲಿ ಒಂದೇ ಕೀಗೆ ಎರಡು ಸ್ಯಾಂಪಲ್ ಹಾಕಿ, ಬೆರಳಿನ ಏಟು ಎಷ್ಟು ಜೋರು ಅನ್ನೋದರ ಮೇಲೆ ಬದಲಾಗೋ ಹಂಗೆ ಮಾಡಬಹುದು. ಡಬ್ಬದ ಸದ್ದು ಹೋಗೋದು ಮುಖ್ಯವಾಗಿ ಇಲ್ಲೇ. ಒಂದೇ ಸ್ಯಾಂಪಲ್‌ನ ವಾಲ್ಯೂಮ್ ಮಾತ್ರ ಏರಿಳಿದ್ರೆ ಕಿವಿಗೆ ಮೋಸ ಗೊತ್ತಾಗುತ್ತೆ.

ಆಮೇಲೆ ಎಕ್ಸ್‌ಕ್ಲೂಸಿವ್ ಗ್ರೂಪ್. ತೆರೆದ ಹೈಹ್ಯಾಟ್ ಸದ್ದನ್ನ ಮುಚ್ಚಿದ ಹೈಹ್ಯಾಟ್ ಕತ್ತರಿಸುತ್ತಲ್ಲ, ಅದೇ ಸೌಲಭ್ಯ. ತಮಟೆಯ ತೆರೆದ ಏಟು, ಮುಚ್ಚಿದ ಏಟು ಎರಡನ್ನೂ ಒಂದೇ ಗ್ರೂಪ್‌ಗೆ ಹಾಕಿ. ಆಗ ಕೈಯಿಟ್ಟು ನಿಲ್ಲಿಸಿದಂಗೇ ನಿಲ್ಲುತ್ತೆ.

ಡೊಳ್ಳಿನದು ಬೇರೆ ಕಥೆ. ಮನೇಲಿ ಹೆಡ್‌ಫೋನ್‌ನಲ್ಲಿ ಗುಡುಗಿದಂಗೆ ಕೇಳೋ ಡೊಳ್ಳು, ಹಳ್ಳಿಯ ಹಾರ್ನ್ ಮೈಕ್‌ನಲ್ಲಿ ಮಾಯ. ಹಾರ್ನ್‌ಗೆ ತಗ್ಗಿನ ಸದ್ದು ಹೊರಹಾಕೋ ತಾಕತ್ತೇ ಇಲ್ಲ. ಅಲ್ಲಿ ಲೆವೆಲ್ ಎಷ್ಟು ಏರಿಸಿದ್ರೂ ಉಪಯೋಗ ಇಲ್ಲ, ಕೋಲು ಚರ್ಮಕ್ಕೆ ಬೀಳೋ ಚಟ್ ಅನ್ನೋ ಸದ್ದನ್ನ ಮುಂದೆ ತರಬೇಕು. ಚಿತ್ರದುರ್ಗ ಸಿಟಿಯ ದೊಡ್ಡ ಸೌಂಡ್ ಸಿಸ್ಟಂನಲ್ಲಿ ಉಲ್ಟಾ, ಡಿಕೇ ಕಡಿಮೆ ಮಾಡದಿದ್ರೆ ಒಂದೇಟು ಇನ್ನೊಂದೇಟಿನ ಮೇಲೆ ಬಿದ್ದು ಗೊಜ್ಜಾಗುತ್ತೆ. ನಾನಾದ್ರೆ ಎರಡು ಕಿಟ್ ಇಟ್ಕೋತೀನಿ.

ಇಷ್ಟೆಲ್ಲ ಮಾಡಿ ಒಂದು ಮರೀಬೇಡಿ. ಟ್ರೈಟನ್‌ನಲ್ಲಿ ನೀವು ಹಾಕಿದ ಸ್ಯಾಂಪಲ್ ಇರೋದು ರ್‍ಯಾಮ್‌ನಲ್ಲಿ. ಕರೆಂಟ್ ಹೋಯ್ತು ಅಂದ್ರೆ ಸ್ಯಾಂಪಲ್‌ಗಳೂ ಹೋದ್ವು. ನಮ್ಮ ಕಡೆ ಜಾತ್ರೇಲಿ ಕರೆಂಟ್ ಹೋಗದೇ ಇರೋ ರಾತ್ರಿ ಯಾವುದು ಹೇಳಿ? ಡಿಸ್ಕ್‌ಗೆ ಸೇವ್ ಮಾಡಿಡಿ, ಕೀಬೋರ್ಡ್‌ಗೆ ಯುಪಿಎಸ್ ಕೊಡಿ.

ಈಗ ದುಡ್ಡಿನ ಮಾತು. ನಾನು ಬಿಕಾಂ ಓದಿರೋನು, ಲೆಕ್ಕ ಬಿಡಕ್ಕಾಗಲ್ಲ. ಕೀಬೋರ್ಡ್‌ನಲ್ಲೇ ತಮಟೆ ಇದೆ ಅಂದ ಮೇಲೆ ಆಯೋಜಕರು ಮೊದಲು ಕೈಬಿಡೋದು ತಮಟೆ ಬಾರಿಸೋ ಅಣ್ಣಂದಿರನ್ನ. ಅದೂ ಅವರದೇ ಏಟನ್ನ ಪುಕ್ಕಟೆ ಫೋನಲ್ಲಿ ರೆಕಾರ್ಡ್ ಮಾಡ್ಕೊಂಡು! 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂದಾಗ ನಾವೆಲ್ಲ ಸ್ಟೇಟಸ್ ಹಾಕಿದ್ವಿ. ಸ್ಟೇಟಸ್ ಹಾಕೋದು ಸುಲಭ, ಊರಿನ ಕಲಾವಿದನ ಪೇಮೆಂಟ್ ಅಂದಾಗ ಮಾತ್ರ ಎಲ್ಲರೂ ಫೋನ್ ನೋಡ್ತಾರೆ. ಕಾನೂನು ಕೂಡ ಅವರ ಕಡೆ ಇದೆ. ಕಾಪಿರೈಟ್ ಕಾಯ್ದೆಗೆ 1994ರ ತಿದ್ದುಪಡಿಯಲ್ಲಿ ಪ್ರದರ್ಶಕರ ಹಕ್ಕು ಸೇರಿತು, 2012ರಲ್ಲಿ ಅದು ಇನ್ನೂ ಗಟ್ಟಿಯಾಯ್ತು. ತನ್ನ ನುಡಿಸಾಣಿಕೆಯನ್ನ ರೆಕಾರ್ಡ್ ಮಾಡಕ್ಕೆ ಬಿಡಬೇಕೋ ಬೇಡವೋ ಅಂತ ಹೇಳೋದು ಕಲಾವಿದನೇ.

ಹಾಗಾಗಿ ಸ್ಯಾಂಪಲ್ ತಗೊಳ್ಳೋ ದಿನ ಒಂದು ಪ್ರೋಗ್ರಾಂನ ಸಂಭಾವನೆ ಕೊಡಿ, ಏನಕ್ಕೆ ಬಳಸ್ತೀರ ಅಂತ ಒಂದು ಹಾಳೇಲಿ ಕನ್ನಡದಲ್ಲೇ ಬರೆದು ಇಬ್ಬರೂ ಸೈನ್ ಮಾಡಿ. ಸ್ಟೇಜ್‌ನಲ್ಲಿ ಜಾಗ, ಬಜೆಟ್ ಎರಡೂ ಇದ್ದ ದಿನ ಅವರನ್ನೇ ಕರೀರಿ. ಕಿಟ್ ಇರಲಿ, ಬಜೆಟ್ ಇಲ್ಲದ ದಿನಕ್ಕೆ.

ಉರುಮೆ ಬಗ್ಗೆ ಇವತ್ತು ಜಾಸ್ತಿ ಹೇಳಲಿಲ್ಲ. ಬಾಗಿದ ಕಡ್ಡಿ ಚರ್ಮದ ಮೇಲೆ ಉಜ್ಜುತ್ತಾ ಹೋದಂಗೆ ಸ್ವರ ಜಾರುತ್ತಲ್ಲ, ಅದನ್ನ ಒಂದು ಕೀ ಒಳಗೆ ಕೂರಿಸೋಕೆ ಪಿಚ್ ಬೆಂಡ್ ಬೇಕು, ತಾಳ್ಮೇನೂ ಬೇಕು. ಮುಂದಿನ ವಾರ ಅದನ್ನೇ ಹಿಡ್ಕೊಳ್ಳೋಣ. ಹೊಸದುರ್ಗ ಕಡೆ ಯಾರಾದ್ರೂ ಉರುಮೆ ನುಡಿಸೋರಿದ್ರೆ ವಾಯ್ಸ್ ಮೆಸೇಜ್ ಕಳಿಸಿ. ಸಂಭಾವನೆ ಮಾತಾಡಿಕೊಂಡೇ ರೆಕಾರ್ಡಿಂಗ್ ಇಟ್ಕೊಳ್ಳೋಣ.