ಎಚ್ಚರಿಕೆಯ ನುಡಿ ತಲುಪುವ ಬಗೆ
(ಶ್ರೀಮಠದ ಸುವರ್ಣ ಮಹೋತ್ಸವದ ವಿದ್ಯಾರ್ಥಿ ಸಮ್ಮೇಳನದಲ್ಲಿ ಮಾಡಿದ ಭಾಷಣ)

 

ಅನ್ನದಾಸೋಹವನ್ನೂ ಜ್ಞಾನದಾಸೋಹವನ್ನೂ ಒಂದೇ ಸೂರಿನಡಿಯಲ್ಲಿ ನಡೆಸಿಕೊಂಡು ಬಂದುದು ನಮ್ಮ ಮಠಗಳ ಹಿರಿಮೆ. ತಂದೆತಾಯಿಗಳು ತಮ್ಮ ಮಕ್ಕಳನ್ನು ಇಲ್ಲಿಗೆ ತಂದು ಗುರುಗಳ ಮಡಿಲಿಗೆ ಒಪ್ಪಿಸಿ ನಿಶ್ಚಿಂತರಾಗಿ ಊರಿಗೆ ಮರಳುವರು. ಹೀಗೆ ಒಪ್ಪಿಸಿಕೊಂಡವರ ಹೊಣೆಯು ಅನ್ನ ಅಕ್ಷರಗಳಿಗೇ ಮುಗಿಯತಕ್ಕದ್ದಲ್ಲ. ವಿಪತ್ತು ಬಾಗಿಲಿಗೆ ಬಂದಾಗ ಪ್ರತಿಯೊಂದು ಮಗುವಿನ ಕಿವಿಗೂ ಎಚ್ಚರಿಕೆಯ ನುಡಿಯನ್ನು ಮುಟ್ಟಿಸುವುದೂ ಆ ಹೊಣೆಯ ಭಾಗವೇ ಆಗಿರುವುದು. ಈ ವಿಷಯದಲ್ಲಿ ಅಮೆರಿಕೆಯ ಒಂದು ವಿಶ್ವವಿದ್ಯಾನಿಲಯವು ಘೋರವಾದ ಬೆಲೆಯನ್ನು ತೆತ್ತು ಕಲಿತ ಪಾಠವನ್ನು ತಮ್ಮಲ್ಲಿ ಬಿನ್ನವಿಸಿಕೊಳ್ಳುವೆನು.

ಅಮೆರಿಕೆಯ ವರ್ಜೀನಿಯಾ ಪ್ರಾಂತದ ಬ್ಲ್ಯಾಕ್ಸ್‌ಬರ್ಗ್ ಎಂಬ ಊರಿನಲ್ಲಿ ವರ್ಜೀನಿಯಾ ಟೆಕ್ ಎಂಬ ದೊಡ್ಡ ವಿಶ್ವವಿದ್ಯಾನಿಲಯವಿರುತ್ತದೆ. 2007ನೆಯ ಇಸವಿ ಏಪ್ರಿಲ್ 16ರ ಬೆಳಿಗ್ಗೆ ಸುಮಾರು 7 ಗಂಟೆ 15 ನಿಮಿಷಕ್ಕೆ ಅಲ್ಲಿನ ವಿದ್ಯಾರ್ಥಿನಿಲಯವೊಂದರಲ್ಲಿ ಇಬ್ಬರು ಗುಂಡಿಗೆ ಬಲಿಯಾದರು. ಅದು ಸ್ವಂತ ಕಲಹದಿಂದ ಆದುದಿರಬೇಕು, ಕೊಂದವನು ಊರನ್ನು ಬಿಟ್ಟು ಹೋಗಿರಬೇಕು ಎಂದು ಅಧಿಕಾರಿಗಳು ಭಾವಿಸಿದರು. ವಿಶ್ವವಿದ್ಯಾನಿಲಯದ ಸಮಸ್ತರಿಗೂ ಮೊದಲನೆಯ ಮಿಂಚಂಚೆಯು ಹೋದುದು 9 ಗಂಟೆ 26 ನಿಮಿಷಕ್ಕೆ. ಗುಂಡು ಹಾರಿದ ಘಟನೆಯೊಂದು ನಡೆದಿದೆ, ಜಾಗರೂಕರಾಗಿರಿ ಎಂಬಷ್ಟೇ ಅದರ ಸಾರವಾಗಿತ್ತು. ಇಬ್ಬರು ಮಡಿದರೆಂಬುದಾಗಲಿ, ಕೊಂದವನು ಇನ್ನೂ ಸಿಕ್ಕಿಲ್ಲವೆಂಬುದಾಗಲಿ ಅದರಲ್ಲಿರಲಿಲ್ಲ. ತರುವಾಯ ಕಾಲು ಗಂಟೆ ಕಳೆಯುವುದರೊಳಗೆ ಅದೇ ಕೊಲೆಗಾರನು ನಾರಿಸ್ ಹಾಲ್ ಎಂಬ ಪಾಠಮಂದಿರದಲ್ಲಿ ಗುಂಡು ಹಾರಿಸತೊಡಗಿ ಮೂವತ್ತು ಮಂದಿಯನ್ನು ಕೊಂದನು. ಒಟ್ಟು 32 ಜೀವಗಳು ಹೋದುವು. ತಮಿಳುನಾಡಿನಲ್ಲಿ ಹುಟ್ಟಿ ಅಲ್ಲಿ ಜಲಸಂಪತ್ತಿನ ಶಾಸ್ತ್ರವನ್ನು ಬೋಧಿಸುತ್ತಿದ್ದ ಪ್ರೊಫೆಸರ್ ಜಿ. ವಿ. ಲೋಗನಾಥನ್ ಅವರೂ ಅವರಲ್ಲಿ ಒಬ್ಬರು.

ಮಹನೀಯರೇ, ಆ ಎರಡು ಗಂಟೆಗಳ ವಿಳಂಬಕ್ಕೆ ಕಾರಣವೇನೆಂಬುದನ್ನು ಪ್ರಾಂತದ ಗವರ್ನರರು ನೇಮಿಸಿದ ಮಂಡಲಿಯು ವಿಚಾರಿಸಿತು. ಸಂದೇಶವನ್ನು ಒಯ್ಯುವ ಸಾಧನವೇ ಇಲ್ಲದಿರಲಿಲ್ಲ. ಮಿಂಚಂಚೆಯು ಇದ್ದೇ ಇತ್ತು. ಆದರೆ ಸ್ಥಳಕ್ಕೆ ಮೊದಲು ಬಂದ ವಿಶ್ವವಿದ್ಯಾನಿಲಯದ ಪೋಲೀಸರಿಗೆ ಅದನ್ನು ತಾವೇ ಕಳುಹಿಸುವ ಸೌಕರ್ಯವಿರಲಿಲ್ಲ. ಹಿರಿಯ ಅಧಿಕಾರಿಗಳು ಕೂಡಿ ಆಲೋಚಿಸಿ, ಒಕ್ಕಣೆಯನ್ನು ನಿಶ್ಚಯಿಸಿದ ಮೇಲೆ ಅದು ಹೊರಡಬೇಕಾಗಿತ್ತು. ಕಂಡವನ ಕೈಯಲ್ಲಿ ಗಂಟೆಯಿರಲಿಲ್ಲ, ಗಂಟೆಯಿದ್ದವನು ಕಂಡಿರಲಿಲ್ಲ. ನನ್ನ ಬಿನ್ನಹದ ತಿರುಳೆಲ್ಲ ಇದೇ.

ಇದಕ್ಕೂ ಹಿಂದೆ, 1986ರಲ್ಲಿ ಪೆನ್ಸಿಲ್ವೇನಿಯಾದ ಲೀಹೈ ವಿಶ್ವವಿದ್ಯಾನಿಲಯದ ನಿಲಯದಲ್ಲಿ ಕೊಲೆಯಾದ ಜೀನ್ ಕ್ಲೆರಿ ಎಂಬ ವಿದ್ಯಾರ್ಥಿನಿಯ ತಂದೆತಾಯಿಗಳು ಹೋರಾಡಿದುದರ ಫಲವಾಗಿ 1990ರಲ್ಲಿ ಒಂದು ಶಾಸನವು ಹುಟ್ಟಿತ್ತು. ಅದೀಗ ಆಕೆಯ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ವರ್ಜೀನಿಯಾದ ದುರಂತದ ತರುವಾಯ 2008ರಲ್ಲಿ ಆ ಶಾಸನವನ್ನು ಬಲಪಡಿಸಿದರು. ಅಪಾಯವು ನಿಜವೆಂದು ದೃಢಪಟ್ಟೊಡನೆ ವಿಳಂಬವಿಲ್ಲದೆ ತಿಳಿಯಪಡಿಸತಕ್ಕದ್ದು. ತಿಳಿಸುವ ಅಧಿಕಾರವು ಯಾರದೆಂಬುದನ್ನು ಮುಂಚಿತವಾಗಿಯೇ ಬರೆದಿಡತಕ್ಕದ್ದು. ವರ್ಷಕ್ಕೊಮ್ಮೆಯಾದರೂ ಈ ಏರ್ಪಾಟನ್ನು ಪರೀಕ್ಷಿಸತಕ್ಕದ್ದು ಎಂದು ವಿಧಿಸಲ್ಪಟ್ಟಿತು.

ಈಗ ಅಲ್ಲಿನ ವಿಶ್ವವಿದ್ಯಾನಿಲಯಗಳು ಒಂದೇ ದಾರಿಯನ್ನು ನೆಚ್ಚುವುದಿಲ್ಲ. ಮೊಬೈಲಿಗೆ ಕಿರುಸಂದೇಶ, ಮಿಂಚಂಚೆ, ಹೊರಾಂಗಣದಲ್ಲಿ ಧ್ವನಿವರ್ಧಕ, ಪಾಠದ ಕೊಠಡಿಗಳಲ್ಲಿ ಬೆಳಗುವ ಅಕ್ಷರಫಲಕ, ಗಣಕದ ತೆರೆಯ ಮೇಲೆ ಮೂಡುವ ಬರೆಹ, ಹೀಗೆ ಹಲವು ದಾರಿಗಳಲ್ಲಿ ಒಂದೇ ನುಡಿಯು ಏಕಕಾಲದಲ್ಲಿ ಹೊರಡುವುದು. ಏಕೆಂದರೆ ಒಂದೊಂದು ದಾರಿಗೂ ಒಂದೊಂದು ಕೊರತೆಯುಂಟು. ಪರೀಕ್ಷೆಗೆ ಕುಳಿತವನ ಮೊಬೈಲು ಮುಚ್ಚಿರುವುದು. ಸಂಖ್ಯೆಯನ್ನು ಬದಲಾಯಿಸಿ ಕಚೇರಿಗೆ ತಿಳಿಸದವನಿಗೆ ಸಂದೇಶವು ಬಾರದು. ಹೊರಗಿನ ಧ್ವನಿಯು ಗೋಡೆಗಳ ಒಳಗೆ ಸ್ಪಷ್ಟವಾಗದು. ಕಿವಿ ಕೇಳದವನಿಗೆ ಫಲಕವೂ, ಕಣ್ಣು ಕಾಣದವನಿಗೆ ಧ್ವನಿಯೂ ಬೇಕಾಗುವುದು. 2011ರ ಡಿಸೆಂಬರಿನಲ್ಲಿ ಅದೇ ವರ್ಜೀನಿಯಾ ಟೆಕ್‌ನಲ್ಲಿ ಪೋಲೀಸ್ ಅಧಿಕಾರಿಯೊಬ್ಬರು ಗುಂಡಿಗೆ ಬಲಿಯಾದಾಗ ಅರ್ಧ ಗಂಟೆಯೊಳಗಾಗಿ ಎಚ್ಚರಿಕೆಯು ಹಲವು ದಾರಿಗಳಿಂದ ಹೊರಟಿತು.

ನಮ್ಮ ದೇಶದಲ್ಲಿಯೂ 2023ರಲ್ಲಿ ಸರ್ಕಾರದವರು ಪರೀಕ್ಷಾರ್ಥವಾಗಿ ಕಳುಹಿಸಿದ ಸಂದೇಶದಿಂದ ಮೊಬೈಲುಗಳು ಒಮ್ಮೆಗೇ ಕೂಗಿದುದು ತಮ್ಮಲ್ಲಿ ಅನೇಕರ ನೆನಪಿನಲ್ಲಿರಬಹುದು. ಅದಕ್ಕೆ ಯಾರ ಸಂಖ್ಯೆಯೂ ಬೇಕಿಲ್ಲ. ಗೋಪುರದ ವ್ಯಾಪ್ತಿಯಲ್ಲಿರುವ, ಆ ಸೌಕರ್ಯವುಳ್ಳ ಮೊಬೈಲುಗಳಿಗೆಲ್ಲ ಅದು ತಾನಾಗಿಯೇ ಮುಟ್ಟುವುದು.

ಆದರೆ ವೇಗವೊಂದೇ ಸಾಲದು. ನುಡಿಯು ಸತ್ಯವೂ ಆಗಿರಬೇಕು. 2018ರ ಜನವರಿ 13ರಂದು ಹವಾಯಿ ದ್ವೀಪಗಳಲ್ಲಿ ಕ್ಷಿಪಣಿಯು ಬರುತ್ತಿದೆಯೆಂಬ ಸುಳ್ಳು ಎಚ್ಚರಿಕೆಯು ಮೊಬೈಲುಗಳಿಗೆ ಹೋಯಿತು. ಅದು ತಪ್ಪೆಂಬ ತಿದ್ದುಪಡಿಯು ಅದೇ ದಾರಿಯಿಂದ ಬರಲು 38 ನಿಮಿಷಗಳು ಹಿಡಿದುವು. ಎಚ್ಚರಿಸುವ ಒಕ್ಕಣೆಯು ಸಿದ್ಧವಾಗಿತ್ತು. ಹಿಂತೆಗೆಯುವ ಒಕ್ಕಣೆಯು ಸಿದ್ಧವಾಗಿರಲಿಲ್ಲ. ಒಮ್ಮೆ ಸುಳ್ಳು ನುಡಿದ ಗಂಟೆಯನ್ನು ಮರುದಿನ ಜನರು ನಂಬಲು ಹಿಂಜರಿಯುವರು. ನುಡಿದಂತೆ ನಡೆಯಬೇಕೆಂದು ಬೋಧಿಸಿದ ಶರಣರ ಪರಂಪರೆಯಲ್ಲಿ ಬಂದ ನಮಗೆ ಇದನ್ನು ವಿವರಿಸಬೇಕಾದುದಿಲ್ಲ.

ಇನ್ನೊಂದು ಮಾತು. ನಾರಿಸ್ ಹಾಲಿನಲ್ಲಿ ಲಿವಿಯು ಲಿಬ್ರೆಸ್ಕು ಎಂಬ 76 ವಯಸ್ಸಿನ ಪ್ರೊಫೆಸರರು ಗುಂಡಿನ ಸದ್ದನ್ನು ಕೇಳಿ ಬಾಗಿಲಿಗೆ ತಮ್ಮ ದೇಹವನ್ನೇ ಅಡ್ಡವಾಗಿಟ್ಟು, ವಿದ್ಯಾರ್ಥಿಗಳನ್ನು ಕಿಟಕಿಯಿಂದ ಹಾರಿಸಿ, ತಾವು ಪ್ರಾಣವನ್ನು ನೀಗಿದರು. ಅವರ ತ್ಯಾಗವು ವಂದನೀಯವಾದುದು. ಆದರೆ ಗುರುವಿನ ದೇಹವೇ ಕೊನೆಯ ಎಚ್ಚರಿಕೆಯಾಗುವ ಸ್ಥಿತಿಯನ್ನು ಯಾವ ವಿದ್ಯಾಸಂಸ್ಥೆಯೂ ತಂದುಕೊಳ್ಳಬಾರದು.

ಆದಕಾರಣ ನಿಲಯಗಳನ್ನು ನಡೆಸುವ ಸಮಸ್ತರಲ್ಲಿಯೂ ನನ್ನ ಅರಿಕೆಯಿಷ್ಟೆ. ನಡುರಾತ್ರಿಯಲ್ಲಿ ಬೆಂಕಿಯನ್ನೋ ನೆರೆಯನ್ನೋ ಕಂಡ ಕಾವಲುಗಾರನು ಯಾರ ಅಪ್ಪಣೆಗೂ ಕಾಯದೆ ಗಂಟೆಯನ್ನು ಬಾರಿಸಬಹುದೇ? ನಿನ್ನೆ ತಾನೇ ಹಳ್ಳಿಯಿಂದ ಬಂದ ಬಾಲಕನಿಗೆ ಪ್ರಸಾದದ ಗಂಟೆ ಯಾವುದು, ವಿಪತ್ತಿನ ಗಂಟೆ ಯಾವುದು ಎಂಬುದು ಗೊತ್ತಿದೆಯೇ? ಕೇಳಿದ ಮೇಲೆ ಎಲ್ಲಿಗೆ ಓಡಬೇಕೆಂಬುದನ್ನು ಅವನು ಒಮ್ಮೆಯಾದರೂ ಓಡಿ ಕಲಿತಿದ್ದಾನೆಯೇ? ಈ ಮೂರು ಪ್ರಶ್ನೆಗಳಿಗೆ ಹೌದೆಂದು ಹೇಳಬಲ್ಲ ನಿಲಯದಲ್ಲಿ ತಾಯಿಯು ತನ್ನ ಮಗುವನ್ನು ಧೈರ್ಯವಾಗಿ ಬಿಟ್ಟು ಹೋಗಬಹುದು.