ಕಡಲ ಹೂವಿನ ಸಾಕಣೆ

(ಶಾಲೆಯ ವಿಜ್ಞಾನ ಸಂಘದ ಸಭೆಯಲ್ಲಿ ವಿದ್ಯಾರ್ಥಿಗಳನ್ನೂ ಪೋಷಕರನ್ನೂ ಉದ್ದೇಶಿಸಿ ಮಾಡಿದ ಭಾಷಣ)



ಮನೆಯ ಚಾವಡಿಯಲ್ಲಿ ಗಾಜಿನ ತೊಟ್ಟಿಯನ್ನಿರಿಸಿ ಮೀನುಗಳನ್ನು ಸಾಕುವ ಹವ್ಯಾಸವು ನಮ್ಮ ಕಾಸರಗೋಡಿನ ಕಡೆಯಲ್ಲಿಯೂ ಕಾಣಬರುತ್ತಿದೆ. ಸಿಹಿನೀರಿನ ಮೀನುಗಳಿಂದ ಆರಂಭಿಸಿದವರಲ್ಲಿ ಕೆಲವರು ಮುಂದೆ ಉಪ್ಪುನೀರಿನ ತೊಟ್ಟಿಗೂ ಕೈಹಾಕುತ್ತಾರೆ. ಅಂಥವರ ಮನಸ್ಸನ್ನು ಮೊದಲು ಸೆಳೆಯುವುದು ಕಿತ್ತಳೆ ಬಣ್ಣದ ಮೈಯ ಮೇಲೆ ಬಿಳಿಯ ಪಟ್ಟೆಗಳುಳ್ಳ ಕ್ಲೌನ್ ಮೀನು. ಅದರ ಹಿಂದೆಯೇ, ಆ ಮೀನಿಗೆ ಆಶ್ರಯವಾದ ಕಡಲ ಹೂ. ಇಂಗ್ಲಿಷಿನಲ್ಲಿ ಸೀ ಅನಿಮೋನ್ ಎಂದು ಕರೆಯಲ್ಪಡುವ ಈ ಜೀವಿಯನ್ನು ಕೊಂಡುತಂದವರು ಅದನ್ನು ಹೇಗೆ ನೋಡಿಕೊಳ್ಳಬೇಕೆಂಬುದೇ ಇಂದಿನ ನಮ್ಮ ವಿಷಯ.

ಹೂವೆಂದು ಹೆಸರಿದ್ದರೂ ಇದು ಹೂವಲ್ಲ, ಗಿಡವೂ ಅಲ್ಲ, ಪ್ರಾಣಿ. ಹವಳದ ಹುಳಕ್ಕೂ ಅಂಬಲಿ ಮೀನಿಗೂ ಇದು ಬಂಧು. ಇದಕ್ಕೆ ಎಲುಬಿಲ್ಲ, ಮಿದುಳಿಲ್ಲ, ಕಣ್ಣಿಲ್ಲ. ಬಂಡೆಯನ್ನು ಹಿಡಿದುಕೊಳ್ಳಲು ಅಡಿಯಲ್ಲೊಂದು ಅಗಲವಾದ ಪಾದ, ಮೇಲ್ಗಡೆ ನಡುವಿನಲ್ಲೊಂದು ಬಾಯಿ, ಬಾಯಿಯ ಸುತ್ತಲೂ ಎಸಳುಗಳಂತೆ ಹರಡಿದ ಕರಬಳ್ಳಿಗಳು: ಇಷ್ಟೇ ಇದರ ಶರೀರ. ಉಂಡದ್ದು ಒಳಹೋಗುವುದೂ ಕಸ ಹೊರಬರುವುದೂ ಆ ಒಂದೇ ಬಾಯಿಯ ಮೂಲಕ. ಕರಬಳ್ಳಿಗಳ ತುಂಬ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಕುಟುಕು ಕಣಗಳಿವೆ. ಸಣ್ಣ ಮೀನೋ ಸಿಗಡಿಯೋ ತಾಗಿದೊಡನೆ ಅವುಗಳಿಂದ ವಿಷದ ನೂಲುಗಳು ಸಿಡಿದು ಬೇಟೆಯನ್ನು ನಿಶ್ಚೇಷ್ಟಗೊಳಿಸುತ್ತವೆ.

ಇಷ್ಟು ಸರಳವಾದ ಈ ಪ್ರಾಣಿಯ ಆಯುಷ್ಯವಾದರೋ ಸರಳವಾದುದಲ್ಲ. ಸ್ಕಾಟ್ಲೆಂಡಿನ ಸರ್ ಜಾನ್ ಗ್ರಹಾಂ ಡಾಲಿಯೆಲ್ ಎಂಬ ವಿದ್ವಾಂಸರು 1828ರಲ್ಲಿ ನಾರ್ತ್ ಬರ್ವಿಕ್ ಎಂಬಲ್ಲಿಯ ಕಡಲತೀರದಿಂದ ಒಂದು ಕಡಲ ಹೂವನ್ನು ತಂದು ಗಾಜಿನ ಪಾತ್ರೆಯಲ್ಲಿಟ್ಟು ಸಾಕಿದರು. ಸಮುದ್ರದ ಹೊಸ ನೀರನ್ನು ತಪ್ಪದೆ ತರಿಸಿ ಬದಲಾಯಿಸುವುದು, ಆಗಾಗ ಒಂದು ಚೂರು ಚಿಪ್ಪುಮೀನಿನ ಮಾಂಸ ಕೊಡುವುದು, ಇವೇ ಅದರ ಆರೈಕೆ. 1851ರಲ್ಲಿ ಡಾಲಿಯೆಲ್ ತೀರಿಕೊಂಡರು; ಕಡಲ ಹೂವು ಬದುಕಿತ್ತು. ಅದು ಒಬ್ಬ ಪೋಷಕರ ಕೈಯಿಂದ ಮತ್ತೊಬ್ಬರ ಕೈಗೆ ದಾಟಿ, ಕೊನೆಗೆ ಎಡಿನ್‌ಬರೋ ನಗರದ ರಾಯಲ್ ಬೊಟಾನಿಕ್ ಗಾರ್ಡನ್ ಸೇರಿತು. ಜನರು ಅದನ್ನು 'ಗ್ರ್ಯಾನಿ', ಎಂದರೆ ಅಜ್ಜಿ, ಎಂದು ಕರೆಯತೊಡಗಿದರು. 1857ರಲ್ಲಿ ಒಂದೇ ರಾತ್ರಿ ಇನ್ನೂರಕ್ಕೂ ಹೆಚ್ಚು ಮರಿಗಳನ್ನಿತ್ತ ಈ ಅಜ್ಜಿ ಅಸುನೀಗಿದ್ದು 1887ರಲ್ಲಿ. ಮನುಷ್ಯರ ಆರೈಕೆಯಲ್ಲೇ ಅದು ಐವತ್ತೊಂಬತ್ತು ವರ್ಷ ಬಾಳಿತು.

ಈ ಒಂದು ಸಂಗತಿಯನ್ನು ನಾವೆಲ್ಲರೂ ನೆನಪಿನಲ್ಲಿಡಬೇಕು. ಅಂಗಡಿಯಿಂದ ಮನೆಗೆ ಬಂದ ಕಡಲ ಹೂವುಗಳಲ್ಲಿ ಅನೇಕವು ಕೆಲವೇ ತಿಂಗಳುಗಳಲ್ಲಿ ಸಾಯುತ್ತವೆ. ಆದರೆ ಹಾಗೆ ಸಾಯುವುದು ಅವುಗಳ ಸ್ವಭಾವವಲ್ಲ. ಸಾಕುವವರ ಸಿದ್ಧತೆ ಸಾಲದೆ ಬಂದ ಮರಣವದು.

ಅಜ್ಜಿಗೆ ಗಾಜಿನ ಪಾತ್ರೆಯೇ ಸಾಕಾಗಿರಲು, ಇಂದು ಕೊಳ್ಳುವ ಹೂವಿಗೆ ಇಷ್ಟೊಂದು ಏರ್ಪಾಟು ಏಕೆಂದು ಯಾರಾದರೂ ಕೇಳಬಹುದು. ಅದು ತಣ್ಣಗಿನ ಕಡಲಿನ ಜಾತಿ. ಬೇಟೆಯ ಆಹಾರದಿಂದಲೇ ಬದುಕುವಂಥದು. ಕ್ಲೌನ್ ಮೀನಿಗೆ ಆಶ್ರಯ ನೀಡುವ ಉಷ್ಣವಲಯದ ಜಾತಿಗಳ ಸಂಸಾರವೇ ಬೇರೆ. ಅವುಗಳ ಮೈಯ ಜೀವಕೋಶಗಳೊಳಗೆ ಕಂದುಬಣ್ಣದ ಸೂಕ್ಷ್ಮ ಪಾಚಿಗಳು ಒಕ್ಕಲಾಗಿ ನೆಲೆಸಿವೆ. ಪಾಚಿಯು ಬೆಳಕಿನಿಂದ ಆಹಾರವನ್ನು ತಯಾರಿಸಿ ಅದರ ಬಹುಪಾಲನ್ನು ಮನೆಯೊಡೆಯನಿಗೆ ಗೇಣಿಯಂತೆ ಅಳೆದು ಕೊಡುತ್ತದೆ. ಹೂವು ಪಾಚಿಗೆ ನೆಲೆಯನ್ನೂ ಪೋಷಕಾಂಶಗಳನ್ನೂ ಕೊಡುತ್ತದೆ. ಬೆಳಕು ಕಡಮೆಯಾದರೆ ಒಕ್ಕಲಿಗೆ ಬೆಳೆಯಿಲ್ಲ, ಒಡೆಯನಿಗೆ ಊಟವಿಲ್ಲ. ನೀರು ಮಿತಿಮೀರಿ ಬಿಸಿಯಾದರೆ ಒಕ್ಕಲೇ ಮನೆ ಬಿಡುತ್ತದೆ. ಆಗ ಹೂವು ಬೆಳ್ಳಗಾಗುತ್ತದೆ. 1998ರಲ್ಲಿ ಸಮುದ್ರದ ನೀರು ಕಾದಾಗ ಲಕ್ಷದ್ವೀಪದ ಹವಳಗಳು ಬೆಳ್ಳಗಾದದ್ದು ಇದೇ ಕಾರಣದಿಂದ. ಆದುದರಿಂದ ಕಡಲ ಹೂವನ್ನು ಸಾಕುವವರು ಒಂದಲ್ಲ, ಎರಡು ಜೀವಿಗಳನ್ನು ಸಾಕುತ್ತಾರೆ.

ಮೊದಲ ನಿಯಮ ಇದು: ತೊಟ್ಟಿಯನ್ನು ಕೊಂಡ ದಿನವೇ ಹೂವನ್ನು ಕೊಳ್ಳಬಾರದು. ಪ್ರಾಣಿಗಳ ಕಸದಿಂದ ನೀರಿನಲ್ಲಿ ಅಮೋನಿಯಾ ಹುಟ್ಟುತ್ತದೆ. ಅದನ್ನು ನೈಟ್ರೈಟಾಗಿಯೂ, ಬಳಿಕ ಹೆಚ್ಚು ಹಾನಿಯಿಲ್ಲದ ನೈಟ್ರೇಟಾಗಿಯೂ ಮಾರ್ಪಡಿಸುವ ಬ್ಯಾಕ್ಟೀರಿಯಾಗಳು ಕಲ್ಲುಮರಳಿನಲ್ಲಿ ನೆಲೆಗೊಳ್ಳಲು ವಾರಗಟ್ಟಲೆ ಕಾಲ ಬೇಕು. ತೊಟ್ಟಿಯು ನಿಜವಾಗಿ ಪಕ್ವವಾಗಲು ಆರು ತಿಂಗಳಿಂದ ಒಂದು ವರ್ಷ. ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆಯಲ್ಲಿ ಸ್ಥಿರವಾಗಿ ನಿಂತ ಮೇಲೆಯೇ ಕಡಲ ಹೂವಿನ ಯೋಚನೆ ಮಾಡತಕ್ಕದ್ದು.

ಎರಡನೆಯದು ಉಪ್ಪು. ಸಮುದ್ರದ ಒಂದು ಲೀಟರು ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿವೆ. ಅಡಿಗೆಯ ಉಪ್ಪು ಇದಕ್ಕೆ ಬದಲಾಗಲಾರದು. ಸಮುದ್ರದ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ ಮೊದಲಾದುವೂ ಇರುವುದರಿಂದ, ಇದಕ್ಕಾಗಿಯೇ ತಯಾರಿಸಿದ ಲವಣಮಿಶ್ರಣವನ್ನು ಬಳಸಬೇಕು. ಕಡಲು ಹತ್ತಿರವಿದೆಯೆಂದು ಮಳೆಗಾಲದಲ್ಲಿ ಅಳಿವೆಯ ಬಳಿ ಕೊಡ ಮುಳುಗಿಸುವುದು ಸಲ್ಲದು. ಚಂದ್ರಗಿರಿಯಂಥ ಹೊಳೆಗಳು ತಂದು ಸುರಿಯುವ ಸಿಹಿನೀರೂ ಕೆಸರೂ ಅಲ್ಲಿ ಬೆರೆತಿರುತ್ತವೆ.

ಇಲ್ಲಿ ವಿದ್ಯಾರ್ಥಿಗಳಿಗೊಂದು ಲೆಕ್ಕ. ತೊಟ್ಟಿಯಲ್ಲಿ 100 ಲೀಟರು ನೀರೂ ಅದರಲ್ಲಿ 3,500 ಗ್ರಾಂ ಲವಣವೂ ಇವೆಯೆನ್ನೋಣ. ಬೇಸಗೆಯಲ್ಲಿ 10 ಲೀಟರು ನೀರು ಆವಿಯಾಗಿ ಹೋಯಿತು. ಲವಣವು ಆವಿಯಾಗದು. ಉಳಿದ 90 ಲೀಟರಿನಲ್ಲಿ ಲೀಟರೊಂದಕ್ಕೆ ಲವಣವೆಷ್ಟು? ಸುಮಾರು 39 ಗ್ರಾಂ! ಆದುದರಿಂದ ಆವಿಯಾದಷ್ಟನ್ನು ಶುದ್ಧವಾದ ಸಿಹಿನೀರಿನಿಂದಲೇ, ದಿನದಿನವೂ ಸ್ವಲ್ಪಸ್ವಲ್ಪವಾಗಿ, ತುಂಬಬೇಕು. ಉಪ್ಪುನೀರು ಬೇಕಾಗುವುದು ಹಳೆಯ ನೀರನ್ನು ತೆಗೆದು ಬದಲಾಯಿಸುವಾಗ ಮಾತ್ರ.

ತಾಯಂದಿರಿಗೆ ಒಂದು ವಿಶೇಷ ಸೂಚನೆ. ಕುಡಿಯುವ ನೀರನ್ನು ತಾಮ್ರದ ಕೊಡದಲ್ಲಿಡುವುದು ನಮ್ಮ ಮನೆಗಳ ಹಳೆಯ ರೂಢಿ. ಆದರೆ ನಮಗೆ ಬಾಧಕವಲ್ಲದ ಅಲ್ಪ ಪ್ರಮಾಣದ ತಾಮ್ರವೂ ಕಡಲ ಹೂವಿಗೆ ವಿಷ. ತೊಟ್ಟಿಯ ನೀರು ತಾಮ್ರದ ಕೊಡವನ್ನಾಗಲಿ ಹಂಡೆಯನ್ನಾಗಲಿ ಸೋಕಕೂಡದು. ಮೀನಿನ ರೋಗಕ್ಕೆ ಕೊಡುವ ಔಷಧಿಗಳಲ್ಲಿಯೂ ತಾಮ್ರವಿರುವುದುಂಟು; ಅವನ್ನು ಈ ತೊಟ್ಟಿಗೆ ಹಾಕಲೇಬಾರದು. ಸಾಬೂನು, ತಲೆಯೆಣ್ಣೆ, ಸೊಳ್ಳೆಯ ಔಷಧಿ ಅಂಟಿದ ಕೈಯನ್ನು ತೊಟ್ಟಿಯೊಳಗೆ ಅದ್ದಬಾರದು.

ಮೂರನೆಯದು ಶಾಖ. ನೀರು 24ರಿಂದ 27 ಡಿಗ್ರಿ ಸೆಂಟಿಗ್ರೇಡಿನೊಳಗೆ ಇರಬೇಕು. ಚೈತ್ರ ವೈಶಾಖಗಳ ಸೆಕೆಯಲ್ಲಿ ನಮ್ಮ ಕರಾವಳಿಯ ಮನೆಗಳೊಳಗೆ ಇದು ಸುಲಭಸಾಧ್ಯವಲ್ಲ. ನೀರಿನ ಮೇಲ್ಮೈಗೆ ಗಾಳಿ ಬೀಸುವಂತೆ ಪಂಖವಿಟ್ಟರೆ ಕೊಂಚ ತಂಪಾಗುತ್ತದೆ, ಆದರೆ ಆವಿಯಾಗುವುದೂ ಹೆಚ್ಚುತ್ತದೆ. ಅದೂ ಸಾಲದಿದ್ದರೆ ನೀರನ್ನು ತಂಪುಮಾಡುವ ಯಂತ್ರವೇ ಬೇಕು. ಗಾಳಿಮಳೆಗೆ ವಿದ್ಯುತ್ತು ಹೋದಾಗ ಪಂಪು ನಿಂತು ನೀರಿನ ಆಮ್ಲಜನಕ ಕುಂದುತ್ತದೆ. ಬ್ಯಾಟರಿಯಿಂದ ನಡೆಯುವ ಗಾಳಿಪಂಪೊಂದನ್ನು ಸಿದ್ಧವಾಗಿಟ್ಟುಕೊಳ್ಳಬೇಕು.

ಇನ್ನು ಆಯ್ಕೆಯ ಮಾತು. ಮೊದಲ ಬಾರಿ ಸಾಕುವವರಿಗೆ ಬಬಲ್ ಟಿಪ್ ಎಂಬ, ಕರಬಳ್ಳಿಯ ತುದಿಯಲ್ಲಿ ಗುಳ್ಳೆಯಂತೆ ಉಬ್ಬಿರುವ ಜಾತಿಯೇ ಉಳಿದವುಗಳಿಗಿಂತ ಅನುಕೂಲ. ಬಾಯಿ ಬಿಗಿಯಾಗಿ ಮುಚ್ಚಿದೆಯೆ, ಪಾದ ಹರಿಯದೆ ಗಟ್ಟಿಯಾಗಿ ಅಂಟಿದೆಯೆ, ಕರಬಳ್ಳಿ ಅಂಟಂಟಾಗಿದೆಯೆ ಎಂದು ನೋಡಬೇಕು. ಹಾಲಿನಂತೆ ಬೆಳ್ಳಗೆ ಹೊಳೆಯುವುದನ್ನು ಕಂಡು ಮರುಳಾಗಬಾರದು; ಅದು ಪಾಚಿಯನ್ನು ಕಳೆದುಕೊಂಡು ಹಸಿದಿರುವ ಪ್ರಾಣಿ. ಕೆಲವೆಡೆ ಅಂಥವಕ್ಕೆ ಬಣ್ಣ ಹಾಕಿ ಮಾರುವುದೂ ಉಂಟು.

ಮನೆಗೆ ತಂದಾಗ ದೀಪವನ್ನು ಮಂದಮಾಡಿ, ಚೀಲವನ್ನು ಹಾಗೆಯೇ ತೊಟ್ಟಿಯ ನೀರಿನಲ್ಲಿ ಹದಿನೈದು ಇಪ್ಪತ್ತು ನಿಮಿಷ ತೇಲಿಬಿಟ್ಟರೆ ಶಾಖವು ಸಮವಾಗುತ್ತದೆ. ಅನಂತರ ಹೂವನ್ನು ಅದರ ನೀರಿನೊಡನೆಯೇ ಒಂದು ಪ್ಲಾಸ್ಟಿಕ್ ಪಾತ್ರೆಗೆ ಬಿಟ್ಟು, ಸಣ್ಣ ಕೊಳವೆಯಿಂದ ತೊಟ್ಟಿಯ ನೀರನ್ನು ತೊಟ್ಟುತೊಟ್ಟಾಗಿ ಒಂದೆರಡು ಗಂಟೆಗಳ ಕಾಲ ಸೇರಿಸುತ್ತ ಬರಬೇಕು. ಕೊನೆಗೆ ಪ್ರಾಣಿಯನ್ನು ಮಾತ್ರ ತೊಟ್ಟಿಗಿಳಿಸಿ, ಚೀಲದ ನೀರನ್ನು ಹೊರಚೆಲ್ಲಬೇಕು. ಕುಟುಕು ಕಣಗಳಿರುವುದರಿಂದ ಕೈಗವಸು ತೊಡುವುದು ಒಳ್ಳೆಯದು. ಆ ಕೈಯಿಂದ ಕಣ್ಣನ್ನು ಮುಟ್ಟಲಾಗದು.

ಬಂಡೆಯ ಸಂದಿನ ಬಳಿ ಇಟ್ಟರೂ ಹೂವು ಅಲ್ಲಿಯೇ ನಿಲ್ಲುವುದೆಂಬ ಭರವಸೆಯಿಲ್ಲ. ಪಾದದಿಂದ ಮೆಲ್ಲಮೆಲ್ಲನೆ ತೆವಳಿ, ಬೆಳಕೂ ನೀರಿನ ಹರಿವೂ ತನಗೊಪ್ಪುವ ಸ್ಥಳವನ್ನು ಅದು ತಾನೇ ಹುಡುಕಿಕೊಳ್ಳುತ್ತದೆ. ಈ ಅಲೆದಾಟದಲ್ಲಿ ಪಂಪಿನ ಬಾಯಿಗೆ ಸಿಕ್ಕಿ ಛಿದ್ರವಾಗುವ ಹೂವುಗಳು ಬಹಳ. ಆದುದರಿಂದ ಪಂಪಿನ ಬಾಯಿಗೆ ಸ್ಪಂಜನ್ನೋ ಜಾಲರಿಯನ್ನೋ ಮೊದಲೇ ಕಟ್ಟಿರಬೇಕು. ಅಂಟಿಕೊಂಡ ಪಾದವನ್ನು ಎಂದಿಗೂ ಕಿತ್ತು ಎಬ್ಬಿಸಬಾರದು. ಪಾದ ಹರಿದರೆ ಪ್ರಾಣಕ್ಕೇ ಅಪಾಯ.

ಮೊದಲ ವಾರ ಆಹಾರ ಬೇಡ. ಬಳಿಕ ವಾರಕ್ಕೆ ಒಂದೆರಡು ಬಾರಿ, ಕಡಲೆಕಾಳಿನಷ್ಟು ಸಿಗಡಿಯ ಅಥವಾ ಮೀನಿನ ತುಣುಕು ಸಾಕು. ಉಗುಳಿದರೆ ಒತ್ತಾಯಿಸದೆ ತೆಗೆದುಬಿಡಬೇಕು. ಹೂವು ಕೆಲವು ವೇಳೆ ಮುದುಡಿ ಮುದ್ದೆಯಾಗುವುದು, ಕಂದು ಕಸವನ್ನು ಹೊರಹಾಕಿ ಮತ್ತೆ ಅರಳುವುದು. ಇದಕ್ಕೆ ಗಾಬರಿ ಬೇಡ. ಆದರೆ ಬಾಯಿ ಸಡಿಲವಾಗಿ ತೆರೆದೇ ಇದ್ದು, ಮೈ ಕರಗುತ್ತ ದುರ್ಗಂಧ ಬಂದರೆ ಅದು ಸತ್ತಿತೆಂದೇ ತಿಳಿದು ತಡಮಾಡದೆ ಹೊರತೆಗೆಯಬೇಕು; ಇಲ್ಲವಾದರೆ ಕೊಳೆತ ನೀರಿಗೆ ಉಳಿದ ಜೀವಿಗಳೂ ಬಲಿಯಾಗುತ್ತವೆ. ಕ್ಲೌನ್ ಮೀನನ್ನು ಬಿಡುವುದು ಹೂವು ನೆಲೆನಿಂತ ಕೆಲವು ವಾರಗಳ ಅನಂತರವೇ ಸರಿ. ಆ ಮೀನಿಲ್ಲದೆಯೂ ತೊಟ್ಟಿಯಲ್ಲಿ ಹೂವು ಬದುಕಬಲ್ಲುದು, ಹೂವಿಲ್ಲದೆಯೂ ಮೀನು ಬದುಕಬಲ್ಲುದು.

ಬಂಧುಗಳೆ, ಕೊನೆಯದಾಗಿ ಒಂದು ಮಾತು. ಇಂಗ್ಲೆಂಡಿನ ಫಿಲಿಪ್ ಹೆನ್ರಿ ಗಾಸ್ ಎಂಬ ಪ್ರಾಣಿಶಾಸ್ತ್ರಜ್ಞರು 1854ರಲ್ಲಿ ಅಕ್ವೇರಿಯಮನ್ನು ಕುರಿತು ಗ್ರಂಥವನ್ನೂ, 1860ರಲ್ಲಿ ಬ್ರಿಟನ್ನಿನ ಕಡಲ ಹೂವುಗಳ ಮೇಲೆ ಇನ್ನೊಂದನ್ನೂ ಪ್ರಕಟಿಸಿದರು. ಅವನ್ನೋದಿದ ಜನ ಕಡಲಿನತ್ತ ಹಿಂಡುಹಿಂಡಾಗಿ ಧಾವಿಸಿ ಬಂಡೆಗಳ ನಡುವಣ ಮಡುಗಳನ್ನು ಬರಿದುಮಾಡಿದರು. ತಂದೆಯ ಪುಸ್ತಕಗಳೇ ಆ ತೀರಗಳ ಹಾಳಿಗೆ ದಾರಿಯಾದುವೆಂಬ ವ್ಯಥೆಯನ್ನು ಅವರ ಮಗ ಎಡ್ಮಂಡ್ ಗಾಸ್ 1907ರ ತಮ್ಮ ಆತ್ಮಕಥನದಲ್ಲಿ ಬರೆದಿದ್ದಾರೆ. ಪ್ರೀತಿಯಿಂದ ಮಾಡಿದುದೂ ಮಿತಿಯನ್ನರಿಯದಿದ್ದರೆ ಹಾನಿಯಾಗುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ.

ಆದುದರಿಂದ ಕೊಳ್ಳುವ ಮುನ್ನ ಮಾರುವವರನ್ನು ಕೇಳೋಣ: ಇದು ಕಡಲಿನಿಂದ ಕಿತ್ತು ತಂದುದೋ, ತೊಟ್ಟಿಯಲ್ಲಿಯೇ ಬೆಳೆದುದೋ? ಬಬಲ್ ಟಿಪ್ ಜಾತಿಯು ತಾನೇ ಎರಡಾಗಿ ಸೀಳಿ ಹೆಚ್ಚುವುದರಿಂದ ತೊಟ್ಟಿಯಲ್ಲಿ ಬೆಳೆದುವು ದೊರೆಯುತ್ತವೆ. ಕ್ಲೌನ್ ಮೀನನ್ನೂ ತೊಟ್ಟಿಗಳಲ್ಲಿ ಮರಿಮಾಡಿಸುವ ವಿದ್ಯೆ ನಮ್ಮ ದೇಶದಲ್ಲಿಯೇ ಸಿದ್ಧಿಸಿದೆ. ಆಮೇಲೆ ನಮ್ಮನ್ನೇ ಕೇಳಿಕೊಳ್ಳೋಣ: ಪರೀಕ್ಷೆಯ ದಿನಗಳಲ್ಲಿ, ಮದುವೆ ಜಾತ್ರೆಗಳಿಗೆಂದು ಊರು ಬಿಟ್ಟಾಗ, ಹತ್ತು ವರ್ಷಗಳ ಅನಂತರ, ಇದನ್ನು ನೋಡಿಕೊಳ್ಳುವವರು ಯಾರು? ಉತ್ತರವಿರುವ ಮನೆಗೆ ಕಡಲ ಹೂವು ಧಾರಾಳವಾಗಿ ಬರಲಿ. ಉತ್ತರವಿಲ್ಲದವರು ಹಿರಿಯರೊಡನೆ ಇಳಿತದ ಹೊತ್ತಿಗೆ ಕಡಲ ಬಂಡೆಗಳ ಕಡೆಗೆ ಹೋಗಿ, ಮಡುಗಳಲ್ಲಿ ತಾನಾಗಿ ಅರಳಿ ನಿಂತುದನ್ನು ಕಣ್ತುಂಬ ನೋಡಿ, ಮುಟ್ಟದೆ ಮರಳಲಿ. ಅದಕ್ಕೆ ಕಾಸು ಬೇಡ. ಹೂವಿನ ಮನೆಯೂ ತಪ್ಪುವುದಿಲ್ಲ.