ಪ್ರಬಂಧಾರಂಭ ವಿಚಾರ



ಬಾಗಿಲಿನಿಂದಲೇ ಓದುಗನು ಹಿಂದಿರುಗಿದರೆ ಒಳಗಣ ನಿಧಿಯು ಯಾರಿಗೆ ದಕ್ಕೀತು? ಪಾಠಶಾಲೆಗಳ ವಿದ್ಯಾರ್ಥಿಗಳು ಬರೆಯುವ ಧಾರ್ಮಿಕ ಪ್ರಬಂಧಗಳಲ್ಲಿ ವಿಷಯಕ್ಕೆ ಕೊರತೆಯಿಲ್ಲ; ಶ್ರದ್ಧೆಗಂತೂ ಇಲ್ಲವೇ ಇಲ್ಲ. ಆದರೂ ಅವುಗಳಲ್ಲಿ ಅನೇಕವು ಓದಲ್ಪಡದೆ ಉಳಿಯುವುವು. ದಾಸೋಹವನ್ನು ಕುರಿತು ಬರೆಯಹೊರಟವನು ಎಂಬತ್ತುನಾಲ್ಕು ಲಕ್ಷ ಯೋನಿಗಳಿಂದ ಮೊದಲ್ಗೊಂಡು, ನರಜನ್ಮದ ದುರ್ಲಭತೆಯನ್ನು ವರ್ಣಿಸಿ, ಸತ್ಸಂಗಮಹಿಮೆಯನ್ನು ಕೊಂಡಾಡಿ, ಕಡೆಗೆ ಪಂಕ್ತಿಯ ಬಳಿಗೆ ಬರುವಷ್ಟರಲ್ಲಿ ಓದುಗನು ಹಸಿದು ಎದ್ದುಹೋಗಿರುತ್ತಾನೆ!

ಸ್ತುತಿಯಿಲ್ಲದೆ ಆರಂಭಿಸುವುದು ಅಪಚಾರವೆಂದು ಕೆಲವು ಹಿರಿಯರು ಶಂಕಿಸುವರು. ದಂಡಿಯು ಕಾವ್ಯಾದರ್ಶದಲ್ಲಿ ಮಹಾಕಾವ್ಯದ ಮುಖಕ್ಕೆ ಆಶೀರ್ವಾದ, ನಮಸ್ಕಾರ, ವಸ್ತುನಿರ್ದೇಶ ಎಂಬ ಮೂರನ್ನು ವಿಕಲ್ಪವಾಗಿ ಹೇಳಿರುವನು. ಕಾಳಿದಾಸನು ರಘುವಂಶವನ್ನು ಪಾರ್ವತೀಪರಮೇಶ್ವರರ ವಂದನೆಯಿಂದ ತೊಡಗಿದನು. ಕುಮಾರಸಂಭವವನ್ನಾದರೋ ನೇರವಾಗಿ ಹಿಮಾಲಯದಿಂದಲೇ ತೊಡಗಿದನು. ಆದುದರಿಂದ ವಸ್ತುವಿನಿಂದ ಆರಂಭಿಸುವುದನ್ನು ಹೊಸಬರ ಸ್ವೇಚ್ಛೆಯೆಂದು ಹಳಿಯಲಾಗದು.

ಇನ್ನು ಶಿವಶರಣರ ಮಾರ್ಗವನ್ನು ನೋಡಬೇಕು. ಇಷ್ಟದೈವದ ನಾಮವು ವಚನಗಳಲ್ಲಿ ಪ್ರಾಯಶಃ ಕೊನೆಗೆ ಅಂಕಿತವಾಗಿ ಬರುವುದು. ಮೊದಲಲ್ಲಿ ಬರುವುದು ಲೋಕದ ವ್ಯವಹಾರ! ಬಸವಣ್ಣನವರು ಧನಿಕರ ದೇಗುಲವನ್ನೂ ಬಡವನ ದೇಹವನ್ನೂ ಎದುರೆದುರು ನಿಲ್ಲಿಸುವರು. ಕೇಳುವವನು ತಾನು ಯಾವ ಪಕ್ಷದವನೆಂದು ಒಡನೆಯೇ ತನ್ನನ್ನು ಕೇಳಿಕೊಳ್ಳುವನು. ಅಕ್ಕಮಹಾದೇವಿಯು ಗುಡ್ಡ, ಕಡಲತಡಿ, ಸಂತೆ ಇವುಗಳಲ್ಲಿ ನೆಲಸಿದವನ ಅಂಜಿಕೆಯನ್ನು ಎತ್ತಿಕೊಂಡು, ಸ್ತುತಿನಿಂದೆಗಳನ್ನು ಸಹಿಸುವ ಉಪದೇಶಕ್ಕೆ ಇಳಿಯುವಳು. ಸಂತೆಯ ಗದ್ದಲವನ್ನು ಅರಿಯದವರಾರು? ಗೊತ್ತಿರುವುದರ ಕೈಹಿಡಿದೇ ಗೊತ್ತಿಲ್ಲದುದರ ಕಡೆಗೆ ನಡೆಯಿಸಿದರು. ಗುರುಸ್ಮರಣೆಯು ಲೋಪವಾಗಲಿಲ್ಲ, ಮಾತೆಲ್ಲವೂ ಹೋಗಿ ಸೇರುವ ಸ್ಥಾನದಲ್ಲಿ ಅದು ನಿಂತಿತು.

ಹಾಗಾದರೆ ಹಿಂದಣ ಷಟ್ಪದೀಕಾವ್ಯಗಳ ದೀರ್ಘ ಪೀಠಿಕೆಗಳು ದೋಷವೇ? ಅಲ್ಲ. ಪುರಾಣಪ್ರವಚನಕ್ಕೆ ಬಂದ ಭಕ್ತನು ಸಭೆಯ ನಡುವೆ ಕುಳಿತಿರುವನು. ವಾಚಕನ ರಾಗವೂ ನೆರೆಹೊರೆಯವರ ಸನ್ನಿಧಿಯೂ ಅವನನ್ನು ಹಿಡಿದಿಡುವುವು. ಅಚ್ಚಿನ ಪುಸ್ತಕವನ್ನು ಹಿಡಿದವನು ಒಬ್ಬನೇ ಇರುವನು. ಮಗ್ಗುಲಿಗಿಟ್ಟರೆ ಕೇಳುವವರಿಲ್ಲ. ಇದನ್ನು ನಂದಳಿಕೆಯ ಮುದ್ದಣನು (1870–1901) ಚೆನ್ನಾಗಿ ಅರಿತಿದ್ದನು. ಶ್ರೀರಾಮಾಶ್ವಮೇಧದ ಆದಿಯಲ್ಲಿ ಮಡದಿ ಮನೋರಮೆಯಿಂದಲೇ ಕಥೆಯನ್ನು ಬೇಡಿಸಿ, ಪದ್ಯವೋ ಗದ್ಯವೋ ಎಂದು ಸರಸವಾಗಿ ಚರ್ಚಿಸಿರುವನು. ಕೇಳುವ ಆಸೆಯು ಹುಟ್ಟಿದ ಮೇಲೆಯೇ ಕಥೆಯು ಹುಟ್ಟಿತು.

ಶಾಸ್ತ್ರಕಾರರು ಗ್ರಂಥಾದಿಯಲ್ಲಿ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ಅಪೇಕ್ಷಿಸುವರು. ವಿದ್ಯಾರ್ಥಿಗಳು ಮೊದಲಿನದನ್ನು ಹೇಳುವರು, ಕಡೆಯದನ್ನು ಮರೆಯುವರು. ಯಾರಿಗಾಗಿ ಬರೆಯುವುದೆಂಬುದು ನಿಶ್ಚಯವಾಗದೆ ಮೊದಲ ಮಾತು ಹೊಳೆಯದು.

ದಾಸೋಹದ ಪ್ರಬಂಧವನ್ನೇ ಮರಳಿ ಬರೆಯಲಿ. ಪಂಕ್ತಿ ಮುಗಿದ ಬಳಿಕ ಬಂದ ಪರವೂರ ದಾರಿಗನಿಗೆ ಅಡುಗೆಯವನು ತನ್ನ ಪಾಲನ್ನೇ ಬಡಿಸಿದನೆಂದು ಮೊದಲಾಗಲಿ. ಆದರೆ ಅದು ಕಂಡ ಸಂಗತಿಯಾಗಿರಬೇಕು, ಕಟ್ಟಿದ ಕಥೆಯಾಗಿರಕೂಡದು. ಹಾಗಾದರೆ ಅಡುಗೆಯವನು ಏನನ್ನು ಉಂಡನು ಎಂದು ಓದುಗನು ಕೇಳುವನು. ದಾಸೋಹತತ್ತ್ವವನ್ನು ಹೇಳಲು ಅಲ್ಲಿ ಎಡೆಯುಂಟು.